ಕಳಚಿದಲ್ಲಿಗೇ ಸೇರದ ಚಕ್ರ

ಡ್ರೈವರು ನಿವೃತ್ತರಾಗಿ ಒಂಬತ್ತು ವರ್ಷ ಕಳೆದಿದ್ದರೂ ಆ ವಠಾರದಲ್ಲಿ ಅವರನ್ನು ಯಾರೂ ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ. ಮೂವತ್ತೊಂದು ವರ್ಷ ನಗರದ ಬಸ್ಸು ಓಡಿಸಿದವರು. ಅಷ್ಟು ವರ್ಷದಲ್ಲಿ ಅವರ ಬಸ್ಸು ಒಂದು ಕಂಬಕ್ಕೆ ತಾಗಿದ್ದಿಲ್ಲ, ಒಂದು ಸೈಕಲ್ಲಿಗೆ ಸೋಕಿದ್ದಿಲ್ಲ. ಗಾಡಿಯ ವಿಷಯ ಬಂದರೆ ಮನೆಯಲ್ಲಿ ಅವರ ಮಾತೇ ಕೊನೆಯ ಮಾತು. ಉಳಿದ ಎಲ್ಲ ವಿಷಯಕ್ಕೂ ಹೆಂಡತಿಯ ಮಾತು.

ಆದ್ದರಿಂದ ಮಗಳು ಬೆಳಗಿನ ಚಹಾ ಕುಡಿಯುತ್ತಾ, “ಅಪ್ಪ, ಗಾಡಿಯ ಮುಂದಿನ ಚಕ್ರ ಇಲ್ಲೇ ಅಂಗಳದಲ್ಲಿ ಬಿಚ್ಚೋಣ” ಎಂದಾಗ ಅವರಿಗೆ ತಲೆಬುಡ ಅರ್ಥವಾಗಲಿಲ್ಲ.

“ಮನೇಲಿ ಯಾರಾದ್ರೂ ಚಕ್ರ ಬಿಚ್ತಾರಾ? ಡಿಪೋದಲ್ಲಿ ಅದಕ್ಕೇ ಅಂತ ನಾಲ್ಕು ಜನ ಇದ್ರು. ನಾವು ಆ ಕಡೆ ತಿರುಗಿಯೂ ನೋಡ್ತಿರ್ಲಿಲ್ಲ.”

“ನನಗೆ ಡಿಪೋ ಇಲ್ಲವಲ್ಲ ಅಪ್ಪ. ನೀನೇ ನನ್ನ ಡಿಪೋ.”

ಮಗಳು ಹಾಗೆಂದ ಮೇಲೆ ಡ್ರೈವರು ಎದ್ದು ತಮ್ಮ ಹಳೆಯ ಅಂಗಿ ಹುಡುಕಲು ಹೋದರು.

ಸಂಗತಿ ಇಷ್ಟು. ಮಗಳು ಕೆಲಸ ಮಾಡುತ್ತಿದ್ದ ಮುದ್ರಣಾಲಯ ಮುಚ್ಚಿ ಹದಿನಾಲ್ಕು ತಿಂಗಳಾಗಿತ್ತು. ಮೂರು ಕಡೆ ಅರ್ಜಿ ಹಾಕಿದ್ದಳು. ಒಂದು ಕಡೆ ವಯಸ್ಸು ಹೆಚ್ಚಾಯಿತು ಎಂದರು, ಒಂದು ಕಡೆ ಅನುಭವ ಹೆಚ್ಚಾಯಿತು ಎಂದರು, ಮೂರನೆಯವರು ಏನೂ ಹೇಳಲಿಲ್ಲ. ನಾಲ್ಕನೆಯದು ಪಾರ್ಸೆಲ್ ಆಫೀಸು. ಸ್ವಂತ ಗಾಡಿ ಇರುವವರು ಬೇಕಿತ್ತು. ಹಿಂದಿನ ದಿನ ಅಲ್ಲಿನ ಮೇಲ್ವಿಚಾರಕರು ಹೊರಗೆ ಬಂದು ಅವಳ ಮೋಟಾರ್ ಸೈಕಲ್ಲಿಗೆ ಒಂದು ಸುತ್ತು ಹಾಕಿ, ಕುಕ್ಕರುಗಾಲಿನಲ್ಲಿ ಕುಳಿತು ಮುಂದಿನ ಟೈರಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದ್ದರು. ಟೈರಿನ ಗೆರೆಗಳೆಲ್ಲ ಸವೆದು ಅದು ಬೋಳು ತಲೆಯಂತೆ ಮಿರಮಿರ ಮಿಂಚುತ್ತಿತ್ತು. “ಕೆಲಸ ನಿಮಗೇ ಕೊಡೋಣ ಅಂತಿದೀನಿ. ಆದ್ರೆ ಈ ಟೈರ್ ಇಟ್ಕೊಂಡು ನಮ್ಮ ಪಾರ್ಸೆಲ್ ಹೊರೋ ಹಾಗಿಲ್ಲ. ನಾಳೆ ಮೂರು ಗಂಟೆಗೆ ಹೊಸ ಟೈರ್ ಹಾಕಿಸ್ಕೊಂಡು ಗಾಡಿ ಸಮೇತ ಬನ್ನಿ. ಬರ್ಲಿಲ್ಲ ಅಂದ್ರೆ ಪಟ್ಟಿಯಲ್ಲಿ ನಿಮ್ಮ ಕೆಳಗಿರೋವ್ರನ್ನ ಕರೀತೀನಿ. ಬೇಜಾರು ಮಾಡ್ಕೋಬೇಡಿ” ಎಂದಿದ್ದರು. ಬೇಜಾರು ಮಾಡಿಕೊಳ್ಳಬೇಡಿ ಎಂದು ಮೊದಲೇ ಹೇಳಿದ್ದು ಮಗಳಿಗೆ ಹಿಡಿಸಿತ್ತು. ಆದರೆ ಬೆಳಗಾಗುವುದರೊಳಗೆ ಆ ಬೋಳು ಟೈರು ಗಾಳಿಯನ್ನೂ ಬಿಟ್ಟು ನೆಲಕ್ಕೆ ಅಂಟಿಕೊಂಡಿತ್ತು. ಅವರ ಮಾಮೂಲಿ ಮೆಕ್ಯಾನಿಕ್ ಅಂಗಡಿ ಮುಚ್ಚಿಕೊಂಡು ಯಾವುದೋ ಮದುವೆಗೆ ಹೋಗಿದ್ದ. ಫೋನಿನಲ್ಲಿ ಐದು ನಿಮಿಷ ಪಾಠ ಹೇಳಿಕೊಟ್ಟ. “ಬಿಚ್ಚೋದು ಏನೂ ಕಷ್ಟ ಇಲ್ಲಕ್ಕ. ಒಂದು ನಟ್ಟು, ಒಂದು ಉದ್ದನೇ ಸರಳು. ಚಕ್ರ ಮಾತ್ರ ಟೈರ್ ಅಂಗಡಿಗೆ ತಗೊಂಡು ಹೋಗಿ, ಹಾಕಿಸ್ಕೊಂಡು ಬಂದು ಹೇಗೆ ತೆಗೆದ್ರೋ ಹಾಗೇ ಸೇರಿಸಿ. ಅಷ್ಟೇ.”

ಹನ್ನೊಂದು ಗಂಟೆಗೆ ಕೆಲಸ ಶುರುವಾಯಿತು. ಗಾಡಿಯನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಇಂಜಿನ್ನಿನ ಕೆಳಗೆ ಹಲಗೆಯ ತುಂಡು ಕೊಟ್ಟು, ಮುಂದಿನ ಚಕ್ರ ನೆಲದಿಂದ ಎರಡು ಬೆರಳು ಮೇಲೇಳುವಂತೆ ಮಾಡಿದರು. ಡ್ರೈವರು ಹ್ಯಾಂಡಲ್ ಹಿಡಿದು ನಿಂತರು. ಮಗಳು ಕೆಳಗೆ ಹಳೆಯ ಚಾಪೆ ಹಾಸಿಕೊಂಡು ಕುಳಿತಳು. ಹತ್ತೊಂಬತ್ತನೇ ನಂಬರ್ ಸ್ಪ್ಯಾನರಿಗೆ ನಟ್ಟು ಜಗ್ಗಲಿಲ್ಲ. ಅವಳು ಹಲ್ಲು ಕಚ್ಚಿ ಎಳೆದಳು, ಎದ್ದು ನಿಂತು ಕಾಲಿನಿಂದ ತುಳಿದಳು.

ಅಡುಗೆಮನೆಯ ಕಿಟಕಿಯಿಂದ ಹೆಂಡತಿ ನೋಡುತ್ತಿದ್ದರು. “ಅದೇನು ನಟ್ಟೋ, ನಿಮ್ಮಪ್ಪನ ಹಟವೋ? ಸ್ವಲ್ಪ ಎಣ್ಣೆ ಬಿಡಿ, ಮೆತ್ತಗಾಗುತ್ತೆ.”

“ಎಣ್ಣೆ ಬಿಟ್ರೆ ಮೆತ್ತಗಾಗೋದು ನಟ್ಟಿಗೆ ಸರಿ ಕಣೇ. ನನಗೆ ಬಿಟ್ಟು ನೋಡಿದೀಯಾ ಯಾವತ್ತಾದ್ರೂ?” ಎಂದರು ಡ್ರೈವರು.

“ನಲವತ್ತು ವರ್ಷದಿಂದ ಬಿಡ್ತಾನೇ ಇದೀನಿ.”

ಎಣ್ಣೆಯ ಬಟ್ಟಲು ಕಿಟಕಿಯಿಂದ ಹೊರಬಂತು. ನಟ್ಟು ಮೊದಲು ಕಿರ್ ಎಂದು, ಆಮೇಲೆ ಸುಮ್ಮನೆ ತಿರುಗಿತು. ಉದ್ದನೆಯ ಸರಳನ್ನು ಮಗಳು ಮೆಲ್ಲಗೆ ಬಡಿದು ಹೊರಗೆಳೆದಳು. ಚಕ್ರ ಧೊಪ್ಪೆಂದು ಅವಳ ಮಡಿಲಿಗೇ ಬಂತು. ಅದರ ಜೊತೆಗೆ ಬುಷ್ ಎನ್ನುವ ಬಳೆಯಂಥ ಒಂದು ಕಬ್ಬಿಣದ ತುಂಡು ಟಣ್ ಎಂದು ಬಿದ್ದು ಅಂಗಳದ ಇಳಿಜಾರಿನಲ್ಲಿ ಗೇಟಿನ ಕಡೆಗೆ ಉರುಳತೊಡಗಿತು. ಡ್ರೈವರು ಒಂದು ಕೈಯಲ್ಲಿ ಹ್ಯಾಂಡಲ್ ಬಿಡದೆ, ಚಪ್ಪಲಿಯ ಕಾಲು ಚಾಚಿ ಅದನ್ನು ಅದುಮಿ ಹಿಡಿದರು.

“ಇದು ಎಲ್ಲಿಂದ ಬಂತು?”

“ಚಕ್ರದ ಆ ಪಕ್ಕದಿಂದ. ಇಲ್ಲ... ಈ ಪಕ್ಕದಿಂದ.” ಮಗಳು ಹುಬ್ಬು ಗಂಟಿಕ್ಕಿದಳು. ಚಕ್ರವನ್ನು ಆಚೆ ತಿರುಗಿಸಿ ಈಚೆ ತಿರುಗಿಸಿ, ಎಲ್ಲಿ ಹೊಳಪಾಗಿ ಉಜ್ಜಿದ ಗುರುತಿದೆಯೋ ಅಲ್ಲಿಗೆ ಆ ಬುಷ್ ಇಟ್ಟು ನೋಡಿದಳು. ಸರಿಯಾಗಿ ಕೂತಿತು. ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡಳು. ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕಿನ ದವಡೆಯದೂ ಒಂದು, ಚಕ್ರ ಕೂರುವ ಗಾಡಿಯ ಎರಡು ಕಾಲುಗಳದೂ ಒಂದೊಂದು. ಮುದ್ರಣಾಲಯದಲ್ಲಿ ಹದಿನಾರು ವರ್ಷ ಕರಡು ತಿದ್ದಿದ ಕಣ್ಣು ಅವಳದು. ಯಾವುದನ್ನೂ ನೆನಪಿಗೆ ಬಿಟ್ಟುಕೊಡುವವಳಲ್ಲ.

ಚಕ್ರ ಒಯ್ಯುವುದು ಹೇಗೆ ಎಂದು ಯೋಚಿಸುತ್ತಿರುವಾಗ ಎದುರುಮನೆಯ ಟೀಚರು ತಮ್ಮ ಮಗುವಿನ ತಳ್ಳುಗಾಡಿಯನ್ನು ಎಳೆದುಕೊಂಡು ಬಂದರು. “ನಮ್ಮವಳು ಈಗ ಇದರಲ್ಲಿ ಕೂರಲ್ಲ, ನಡೀತೀನಿ ಅಂತಾಳೆ. ನಿಮ್ಮ ಮಗೂನ ಕೂರಿಸಿ” ಎಂದರು. ಒಳಗೆ ಮಸಿ ತಾಗದಂತೆ ಹಳೆಯ ಪೇಪರು ಹಾಸಿಯೇ ತಂದಿದ್ದರು. ಮಗಳು ಚಕ್ರವನ್ನು ಅದರೊಳಗೆ ಮಲಗಿಸಿ ತಳ್ಳಿಕೊಂಡು ಹೊರಟಳು. ಬೀದಿಯ ತಿರುವಿನಲ್ಲಿ ಒಬ್ಬ ಮುದುಕಿ ಮಗುವಿನ ಮುಖ ನೋಡಲೆಂದು ಬಗ್ಗಿ, ಬಗ್ಗಿದಂತೆಯೇ ನಿಂತದ್ದು ಡ್ರೈವರಿಗೆ ಗೇಟಿನಿಂದ ಕಾಣಿಸಿತು.

ಈಗ ಅಂಗಳದಲ್ಲಿ ಗಾಡಿ ಮತ್ತು ಅವರು ಇಬ್ಬರೇ.

ಮುಂದಿನ ಚಕ್ರವಿಲ್ಲದ ಗಾಡಿ ಹಲ್ಲುಸೆಟ್ಟು ತೆಗೆದಿಟ್ಟ ಬಾಯಿಯಂತೆ ಕಾಣುತ್ತಿತ್ತು. ಡ್ರೈವರು ಕುರ್ಚಿ ತಂದು ಪಕ್ಕದಲ್ಲಿ ಕುಳಿತರು. ಒಂದು ನಿಮಿಷ ಕೂರಲಾಗಲಿಲ್ಲ, ಎದ್ದರು. ಅಂಗಳ ಗೇಟಿನ ಕಡೆಗೆ ಇಳಿಜಾರು. ಅಷ್ಟು ಸಣ್ಣ ಬುಷ್ಷೇ ಉರುಳಿಕೊಂಡು ಹೋಯಿತು. ಇಷ್ಟು ದೊಡ್ಡ ಗಾಡಿ ಒಂದು ಹಲಗೆಯ ತುಂಡಿನ ಮೇಲೆ ನಿಂತಿದೆ, ಬ್ರೇಕಿಲ್ಲದೆ. ನಿಂತ ಗಾಡಿಗೆ ಬ್ರೇಕ್ ಇರಲೇಬೇಕು ಎನ್ನುವುದು ಅವರ ಕೈಕಾಲಿಗೆ ಹತ್ತಿದ ಮಾತು. ಬಸ್ಸು ನಿಲ್ಲಿಸಿದರೆ ಮೊದಲು ಬ್ರೇಕು, ಆಮೇಲೆ ಉಸಿರು. ಮಗಳು ವಾಪಸು ಬರುವ ಹೊತ್ತಿಗೆ ಗಾಡಿ ಜಾರಿ ಮಕಾಡೆ ಬಿದ್ದಿದ್ದರೆ? ಮೂರು ಗಂಟೆಗೆ ಅವಳು ಏನನ್ನು ತೆಗೆದುಕೊಂಡು ಹೋಗಬೇಕು?

ಹಿಂದಿನ ಚಕ್ರದ ಎರಡೂ ಕಡೆ ಇಟ್ಟಿಗೆ ಕೊಟ್ಟರು. ಮನಸ್ಸು ತಡೆಯಲಿಲ್ಲ. ಹ್ಯಾಂಡಲ್ಲಿನ ಬಲಗಡೆ ಬ್ರೇಕಿನ ಹಿಡಿ ಇತ್ತು. ಅದನ್ನು ಅದುಮಿದರು. ಅದು ನೆನೆಸಿದ ಸ್ಪಂಜಿನಂತೆ ಒಳಕ್ಕೆ ಹೋಯಿತು. ‘ಅಯ್ಯೋ, ಇದರಲ್ಲಿ ಜೀವವೇ ಇಲ್ಲವಲ್ಲ’ ಎಂದುಕೊಂಡರು. ಬ್ರೇಕು ಸಡಿಲವಾದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮತ್ತೆ ಮತ್ತೆ ಒತ್ತಬೇಕು. ಒತ್ತಿದರು. ನಾಲ್ಕು ಸಲ, ಐದು ಸಲ, ಏಳು ಸಲ. ಹಿಡಿ ನಿಧಾನವಾಗಿ ಗಟ್ಟಿಯಾಯಿತು. ಹಾಂ, ಈಗ ಸರಿ. ಒಳಗೆ ಹೋಗಿ ಹಳೆಯ ಹೊದಿಕೆಯ ಅಂಚಿನಿಂದ ಒಂದು ಪಟ್ಟಿ ಹರಿದು ತಂದು, ಹಿಡಿಯನ್ನು ಹ್ಯಾಂಡಲ್ಲಿಗೆ ಸೇರಿಸಿ ಬಿಗಿಯಾಗಿ ಕಟ್ಟಿದರು. ಬಸ್ಸು ಬಿಟ್ಟರೆ ಅವರು ಬೇರೆ ಯಾವ ಗಾಡಿಯನ್ನೂ ಓಡಿಸಿದವರಲ್ಲ. ಬಸ್ಸಿನಲ್ಲಿ ಒಂದು ಪೆಡಲು ತುಳಿದರೆ ಎಲ್ಲ ಚಕ್ರವೂ ನಿಲ್ಲುತ್ತದೆ. ಮೋಟಾರ್ ಸೈಕಲ್ಲಿನಲ್ಲಿ ಆ ಹಿಡಿ ಮುಂದಿನ ಚಕ್ರಕ್ಕೆ ಮಾತ್ರ ಸೇರಿದ್ದು, ಆ ಚಕ್ರ ಈಗ ಮಗುವಿನ ಗಾಡಿಯಲ್ಲಿ ಮಲಗಿ ಟೈರ್ ಅಂಗಡಿಗೆ ಹೋಗಿದೆ ಎನ್ನುವುದು ಅವರಿಗೆ ಹೊಳೆಯಲೇ ಇಲ್ಲ. ಇಲ್ಲದ ಚಕ್ರಕ್ಕೆ ಬ್ರೇಕು ಹಾಕಿ, ಅವರು ಕುರ್ಚಿಯಲ್ಲಿ ನಿಶ್ಚಿಂತೆಯಾಗಿ ಕುಳಿತರು.

ಒಂದೂವರೆಗೆ ತಳ್ಳುಗಾಡಿಯ ಗಡಗಡ ಸದ್ದು ಕೇಳಿಸಿತು. ಅವರು ಎದ್ದು, ಅವಳ ಕೆಲಸಕ್ಕೆ ಅಡ್ಡವಾಗದಿರಲಿ ಎಂದು ಪಟ್ಟಿಯನ್ನು ಬಿಚ್ಚಿ ಮಡಿಸಿ ಜೇಬಿಗೆ ಹಾಕಿಕೊಂಡರು.

“ಅಂಗಡಿ ತುಂಬ ಜನ ಇದ್ರು ಅಪ್ಪ. ತಳ್ಳುಗಾಡೀಲಿ ಬಂದವರಿಗೆ ಮೊದಲು ಅಂತ ಹೇಳಿ ನನ್ನದೇ ಮಾಡ್ಕೊಟ್ರು” ಎಂದಳು ಮಗಳು. ಅವಳ ಮುಖ ಬೆವರಿನಿಂದ ಕೆಂಪಾಗಿತ್ತು, ಆದರೆ ನಗುತ್ತಿದ್ದಳು. ಹೊಸ ಟೈರಿನ ಮೇಲೆ ಸಣ್ಣ ಸಣ್ಣ ರಬ್ಬರ್ ಕೂದಲು ಇನ್ನೂ ಇದ್ದವು. “ಹದಿನೈದು ನಿಮಿಷದ ಕೆಲಸ. ಎರಡು ಗಂಟೆಗೆ ಊಟ, ಎರಡೂವರೆಗೆ ಹೊರಡೋದು.”

ಅವಳು ಚಕ್ರವನ್ನು ಎರಡು ಕಾಲುಗಳ ನಡುವೆ ತಂದು ಮೇಲೆತ್ತಿದಳು. ಚಕ್ರದ ಪಕ್ಕಕ್ಕೆ ಅಂಟಿದ ಉಕ್ಕಿನ ತಟ್ಟೆ ಬ್ರೇಕಿನ ದವಡೆಯೊಳಗೆ ಹೋಗಬೇಕು. ಹೋಗಲಿಲ್ಲ. ಇನ್ನೊಮ್ಮೆ ಎತ್ತಿದಳು. ಟಕ್ ಎಂದು ತಗುಲಿ ನಿಂತಿತು.

“ಸ್ವಲ್ಪ ಎಡಕ್ಕೆ” ಎಂದರು ಡ್ರೈವರು.

“ಎಡಕ್ಕೇ ಇದೆ.”

“ಹಾಗಾದ್ರೆ ಬಲಕ್ಕೆ.”

“ಅಪ್ಪ, ಇದು ಬಸ್ ನಿಲ್ದಾಣ ಅಲ್ಲ.”

ಅವಳು ಫೋಟೋ ತೆಗೆದು ನೋಡಿದಳು. ಬುಷ್ ಅದೇ ಕಡೆ ಇತ್ತು. ತಟ್ಟೆಯೂ ಅದೇ ಕಡೆ. ಸರಳಿಗೆ ಗ್ರೀಸ್ ಹಚ್ಚಿಯಾಗಿತ್ತು. ಎಲ್ಲವೂ ಇದ್ದ ಹಾಗೆಯೇ ಇತ್ತು. ಎರಡು ಗಂಟೆಯ ಹಿಂದೆ ಇದೇ ಜಾಗದಿಂದ, ಇದೇ ಚಕ್ರ, ಯಾವ ತಕರಾರೂ ಇಲ್ಲದೆ ಹೊರಗೆ ಬಂದಿತ್ತು. ಈಗ ಅದೇ ಜಾಗಕ್ಕೆ ಅದೇ ಚಕ್ರ ಹೋಗುತ್ತಿಲ್ಲ. ಡ್ರೈವರಿಗೆ ಇದು ಎಷ್ಟು ವಿಚಿತ್ರವೆನ್ನಿಸಿತೆಂದರೆ, ತಾವೇ ಬಗ್ಗಿ ಚಕ್ರಕ್ಕೊಂದು ಕಾಲಿಗೊಂದು ಕೈಯಿಟ್ಟು, ಎರಡೂ ಒಂದೇ ಗಾಡಿಯವೋ ಅಲ್ಲವೋ ಎಂಬಂತೆ ಸವರಿ ನೋಡಿದರು.

“ಹೊಸ ಟೈರ್ ದಪ್ಪ ಇರ್ಬೇಕು” ಎಂದರು.

“ಟೈರ್ ತಗುಲ್ತಾನೇ ಇಲ್ಲ ಅಪ್ಪ. ತಟ್ಟೆ ತಗುಲ್ತಿದೆ. ತಟ್ಟೆ ಹಳೇದೇ.”

“ಅಂಗಡಿಯವ್ರು ಚಕ್ರಾನೇ ಅದಲು ಬದಲು ಮಾಡಿದ್ರೆ?”

ಅವಳು ಚಕ್ರದ ಒಂದು ಕಡ್ಡಿಯ ಮೇಲಿದ್ದ ಬಿಳಿ ಬಣ್ಣದ ಚುಕ್ಕೆ ತೋರಿಸಿದಳು. ವರ್ಷದ ಹಿಂದೆ ಬಾಗಿಲಿಗೆ ಬಣ್ಣ ಬಳಿಯುವಾಗ ಸಿಡಿದದ್ದು. ಅದೇ ಚಕ್ರ.

ಹೆಂಡತಿ ಈಗ ಕಿಟಕಿ ಬಿಟ್ಟು ಅಂಗಳಕ್ಕೇ ಬಂದರು, ಸೆರಗಿಗೆ ಕೈ ಒರೆಸುತ್ತಾ. “ತಿರುಗಿಸಿ ಹಾಕಿ ನೋಡಿ. ನನ್ನ ರವಿಕೆ ತೋಳು ಒಂದ್ಸಲ ಹೀಗೇ ಆಗಿತ್ತು.”

“ಅಮ್ಮ, ಚಕ್ರಕ್ಕೆ ತೋಳಿಲ್ಲ.”

ಆದರೂ ತಿರುಗಿಸಿ ನೋಡಿದರು. ಆಗ ತಟ್ಟೆ ಬ್ರೇಕೇ ಇಲ್ಲದ ಕಡೆಗೆ ಬಂತು. ಮತ್ತೆ ಮೊದಲಿನಂತೆ ತಿರುಗಿಸಿದರು. ಬುಷ್ ತೆಗೆದು ನೋಡಿದರು. ಬುಷ್ ಆ ಪಕ್ಕ ಇಟ್ಟು ನೋಡಿದರು. ಟೀಚರು ಬಂದು, ಗಾಡಿಯೇ ಓರೆಯಾಗಿ ನಿಂತಿರಬಹುದು ಎಂದರು. ಹಲಗೆ ಸರಿಸಿ ಗಾಡಿ ನೆಟ್ಟಗೆ ಮಾಡಿದರು. ಹೀಗೆ ಒಬ್ಬೊಬ್ಬರು ಒಂದೊಂದು ಹೇಳಿದಷ್ಟೂ ಡ್ರೈವರ ತಲೆ ಹೆಚ್ಚು ಹೆಚ್ಚು ಗೋಜಲಾಗುತ್ತಾ ಹೋಯಿತು. ಒಂದು ಹಂತದಲ್ಲಿ, ಬೆಳಿಗ್ಗೆ ಈ ಗಾಡಿಗೆ ಮುಂದೆ ಚಕ್ರ ಇದ್ದದ್ದು ನಿಜವೇ ಎಂದೇ ಅವರಿಗೆ ಅನುಮಾನ ಬಂತು.

ಮಗಳು ಫೋನಿನ ಬೆಳಕು ಹಾಕಿ ದವಡೆಯೊಳಗೆ ಇಣುಕಿದಳು. ಅಲ್ಲಿ ತಟ್ಟೆಯನ್ನು ಕಚ್ಚಿ ಹಿಡಿಯುವ ಎರಡು ಕಪ್ಪು ಬಿಲ್ಲೆಗಳು ತುಟಿ ಬಿಗಿದುಕೊಂಡಂತೆ ಒಂದಕ್ಕೊಂದು ಅಂಟಿದ್ದವು. ಫೋಟೋದಲ್ಲಿ ನೋಡಿದಳು. ಅದರಲ್ಲಿ ಅವುಗಳ ನಡುವೆ ಬೆರಳಿನ ಉಗುರು ಹೋಗುವಷ್ಟು ಸಂದು ಇತ್ತು.

“ಇದು ಮುಚ್ಚಿಕೊಂಡುಬಿಟ್ಟಿದೆ” ಎಂದಳು ಮೆಲ್ಲಗೆ. “ತಾನಾಗೇ ಹೇಗೆ ಮುಚ್ಚಿಕೊಳ್ಳುತ್ತೆ? ಸರಳು ಬಡಿದಾಗ ನಾನೇ ಏನೋ ಮುರಿದಿದೀನಿ.”

ಮೆಕ್ಯಾನಿಕ್ಕಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಗಂಟೆ ಎರಡು ದಾಟಿ ಐದು ನಿಮಿಷ. ಅವಳು ಚಾಪೆಯ ಮೇಲೆ ಚಕ್ರವನ್ನು ಒರಗಿಸಿಟ್ಟು, ಪಕ್ಕದಲ್ಲಿ ಮೊಣಕಾಲು ತಬ್ಬಿ ಕುಳಿತಳು. ಕೈಯ ಗ್ರೀಸು ಹಣೆಗೂ ಹತ್ತಿತ್ತು.

“ಪಾರ್ಸೆಲ್ ಆಫೀಸಿಗೆ ಈಗಲೇ ಹೇಳಿಬಿಡ್ತೀನಿ ಅಮ್ಮ. ಅವ್ರು ಮುಂದಿನವರನ್ನ ಕರೀಲಿ. ಸುಮ್ನೆ ಅವ್ರನ್ನ ಯಾಕೆ ಕಾಯಿಸಬೇಕು? ಒಂದು ಚಕ್ರ ಹಾಕೋಕೆ ಬಾರದವಳು ದಿನಾ ರಸ್ತೆಗೆ ಇಳಿದು ಏನು ಮಾಡ್ಲಿ.”

“ಮೂರು ಗಂಟೆ ಆಗೋಕೆ ಇನ್ನೂ ಇದೆ. ಬಾಯಿ ಮುಚ್ಕೊಂಡು ಈ ನೀರು ಕುಡಿ” ಎಂದರು ತಾಯಿ. ಬಾಯಿ ಮುಚ್ಚಿಕೊಂಡು ನೀರು ಕುಡಿಯುವುದು ಹೇಗೆಂದು ಆ ಹೊತ್ತಿನಲ್ಲಿ ಯಾರೂ ಕೇಳಲಿಲ್ಲ.

ಅವಳು ನೀರು ಕುಡಿದು ಆಫೀಸಿನ ನಂಬರು ಹುಡುಕುತ್ತಿರುವಾಗಲೇ ಮೆಕ್ಯಾನಿಕ್ ವಾಪಸು ಫೋನ್ ಮಾಡಿದ. ಹಿಂದೆ ಊಟದ ಗದ್ದಲ, ತಟ್ಟೆಗಳ ಸದ್ದು. ಅವಳು ಎಲ್ಲರಿಗೂ ಕೇಳುವಂತೆ ಫೋನನ್ನು ಸೀಟಿನ ಮೇಲೆ ಇಟ್ಟಳು.

“ಬಿಲ್ಲೆ ಎರಡೂ ಅಂಟಿಕೊಂಡಿದಾವಾ? ಚಕ್ರ ಇಲ್ದಾಗ ಯಾರಾದ್ರೂ ಮುಂದಿನ ಬ್ರೇಕ್ ಒತ್ತಿದ್ರಾ ಅಕ್ಕ?”

“ಇಲ್ಲ. ನಾನು ಇರ್ಲಿಲ್ಲ, ಅಪ್ಪ ಇದ್ರು.”

“ಅವ್ರು ಒತ್ತಿದ್ರಾ?”

“ಅಪ್ಪಾನಾ?” ಮಗಳು ಅವರ ಕಡೆ ನೋಡಲೂ ಇಲ್ಲ. “ಅವ್ರು ಗಾಡಿ ವಿಷಯದಲ್ಲಿ ಅಂಥ ತಪ್ಪು ಮಾಡೋರಲ್ಲ.”

“ಹಾಗಾದ್ರೆ ಕಷ್ಟ. ಒತ್ತಿದ್ರಿಂದ ಮುಚ್ಚಿಕೊಂಡಿದ್ರೆ ಐದು ನಿಮಿಷದ ಕೆಲಸ, ಹಿಂದಕ್ಕೆ ತಳ್ಳಿದ್ರೆ ಆಯ್ತು. ಯಾರೂ ಒತ್ತದೆ ತಾನೇ ಮುಚ್ಚಿಕೊಂಡಿದೆ ಅಂದ್ರೆ ಒಳಗೆ ಏನೋ ಕೆಟ್ಟಿದೆ ಅಂತ ಅರ್ಥ. ಮುಟ್ಟಬೇಡಿ. ಅಂಥ ಬ್ರೇಕ್ ನಂಬ್ಕೊಂಡು ಗಾಡಿ ಹತ್ತೋದು ಬೇಡ. ಸಾಯಂಕಾಲ ನಾನೇ ಬಂದು ನೋಡ್ತೀನಿ.”

“ಸರಿ” ಎಂದಳು ಮಗಳು.

ತಾವು ಮಾಡಿದ್ದಕ್ಕೂ ಈ ಫೋನಿನವನು ಹೇಳುತ್ತಿರುವುದಕ್ಕೂ ಸಂಬಂಧವಿದೆ ಎಂದು ಡ್ರೈವರಿಗೆ ಮೆಲ್ಲಗೆ ತಿಳಿಯಿತು. ಒತ್ತಿದ್ದು ಹೌದು. ಆದರೆ ಒತ್ತಿದ್ದು ಗಾಡಿ ಜಾರದಿರಲಿ ಎಂದಲ್ಲವೇ? ಬ್ರೇಕು ಹಾಕಿದರೆ ಗಾಡಿ ಉಳಿಯಬೇಕು, ಕೆಡುವುದು ಹೇಗೆ? ಇಷ್ಟು ವರ್ಷ ಬ್ರೇಕು ಹಾಕಿ ಅವರು ಯಾರಿಗೂ ಕೆಡುಕು ಮಾಡಿದವರಲ್ಲ. ಮತ್ತೆ ಮತ್ತೆ ಯೋಚಿಸಿದರೂ ಎಲ್ಲಿ ತಪ್ಪಿತು ಎನ್ನುವುದು ಕೈಗೆ ಸಿಗಲಿಲ್ಲ. ಒಂದು ಮಾತ್ರ ಸಿಕ್ಕಿತು. ಇವರೆಲ್ಲ ಯಾರೂ ಒತ್ತಿಲ್ಲ ಎಂದು ತಿಳಿದಿದ್ದಾರೆ, ಅದು ನಿಜವಲ್ಲ. ಹೇಳದಿದ್ದರೆ ಯಾರಿಗೂ ಎಂದೂ ಗೊತ್ತಾಗುವುದಿಲ್ಲ. ಅಂಥ ತಪ್ಪು ಮಾಡುವವರಲ್ಲ ಎಂದು ಮಗಳು ಈಗಷ್ಟೇ, ಅವರ ಮುಖ ಕೂಡ ನೋಡದೆ, ನೋಡುವ ಅಗತ್ಯವೇ ಇಲ್ಲವೆಂಬಂತೆ ಹೇಳಿದ್ದಾಳೆ.

ಮಗಳು ಫೋನು ಎತ್ತಿಕೊಳ್ಳಲು ಕೈ ಚಾಚಿದಳು.

“ತಡಿ” ಎಂದರು ಡ್ರೈವರು. “ಫೋನು ಇಡಬೇಡ ಅನ್ನು ಅವನಿಗೆ. ಒತ್ತಿದೆ.”

“ಏನು ಒತ್ತಿದೆ ಅಪ್ಪ?”

“ಬ್ರೇಕು. ನಾನು ಒತ್ತಿದೆ. ಒಂದು ಸಲ ಅಲ್ಲ. ಸಡಿಲ ಇತ್ತು ಅಂತ ಏಳೆಂಟು ಸಲ ಒತ್ತಿ ಗಟ್ಟಿ ಮಾಡ್ದೆ. ಆಮೇಲೆ ಕಟ್ಟಿ ಹಾಕಿದ್ದೆ.” ಜೇಬಿನಿಂದ ಪಟ್ಟಿ ತೆಗೆದು, ಸಾಕ್ಷಿ ಹಾಜರುಪಡಿಸುವವರಂತೆ ಸೀಟಿನ ಮೇಲೆ ಫೋನಿನ ಪಕ್ಕ ಇಟ್ಟರು. “ಅಂಗಳ ಇಳಿಜಾರು. ಗಾಡಿ ಜಾರಿ ಬಿದ್ರೆ ಅಂತ.”

ಮಗಳು ಆ ಪಟ್ಟಿಯನ್ನೂ ಬ್ರೇಕಿನ ಹಿಡಿಯನ್ನೂ ನೋಡಿದಳು.

“ಆ ಹಿಡಿ ಮುಂದಿನ ಚಕ್ರಕ್ಕೆ ಮಾತ್ರ ಅಪ್ಪ” ಎಂದಳು ಮಗಳು.

“ಮುಂದಿನದಕ್ಕೆ ಮಾತ್ರ? ಹಿಂದಿನದಕ್ಕೆ?”

“ಹಿಂದಿನದಕ್ಕೆ ಕಾಲಿನ ಹತ್ರ ಬೇರೆ ಇದೆ.”

“ಒಂದು ಗಾಡಿಗೆ ಎರಡು ಬ್ರೇಕಾ?” ಡ್ರೈವರಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಮುಂದೆ ಚಕ್ರಾನೇ ಇರ್ಲಿಲ್ಲವಲ್ಲ ಮತ್ತೆ. ನಾನು ಕಟ್ಟಿದ್ದು ಯಾವುದಕ್ಕೆ?”

ಫೋನಿನಲ್ಲಿ ಮೆಕ್ಯಾನಿಕ್ ಕೆಮ್ಮಿದ. ಅದು ನಗು ಮುಚ್ಚುವ ಕೆಮ್ಮೆಂದು ಎಲ್ಲರಿಗೂ ಗೊತ್ತಾಯಿತು. ಆದರೆ ಮಾತಾಡಿದಾಗ ಅವನ ದನಿ ಮರ್ಯಾದೆಯದಾಗಿತ್ತು. “ಯಜಮಾನ್ರೇ, ನೀವು ಒತ್ತಿದ್ದೇ ಒಳ್ಳೇದಾಯ್ತು ನೋಡಿ. ಒತ್ತದೆ ಹೀಗಾಗಿದ್ರೆ ನಾನು ಇಲ್ಲಿಂದ ಏನೂ ಮಾಡೋಕಾಗ್ತಿರ್ಲಿಲ್ಲ. ಬ್ರೇಕ್ ಕೆಟ್ಟಿಲ್ಲ, ಚೆನ್ನಾಗೇ ಇದೆ. ನೀವು ಹಿಡಿ ಅಂದಿದ್ದಕ್ಕೆ ಹಿಡ್ಕೊಂಡಿದೆ, ಅಷ್ಟೇ. ಈಗ ಅಗಲ ಬಾಯಿನ ಸ್ಕ್ರೂಡ್ರೈವರ್ ತಗೊಳ್ಳಿ, ತುದಿಗೆ ಬಟ್ಟೆ ಸುತ್ತಿ. ಎರಡು ಬಿಲ್ಲೆ ಮಧ್ಯ ಇಟ್ಟು ನಿಧಾನಕ್ಕೆ ಅಗಲ ಮಾಡಿ. ಅವಸರ ಬೇಡ. ಬಾಗಿಲಿಗೆ ಬೆರಳು ಸಿಕ್ಕಿಕೊಂಡಾಗ ತೆಗೀತೀವಲ್ಲ, ಹಾಗೆ.”

ಬಟ್ಟೆ ಬೇಕಿತ್ತು. ಸೀಟಿನ ಮೇಲಿದ್ದ ಪಟ್ಟಿಯನ್ನೇ ಮಗಳು ತೆಗೆದುಕೊಂಡು ಸ್ಕ್ರೂಡ್ರೈವರಿಗೆ ಸುತ್ತಿದಳು. ಅದನ್ನು ದವಡೆಗೆ ಇಟ್ಟು ತಿರುಗಿಸಿದಳು. ಬಿಲ್ಲೆಗಳು ಅಲುಗಲಿಲ್ಲ.

“ಕೊಡು ಇಲ್ಲಿ” ಎಂದು ಡ್ರೈವರು ಕೆಳಗೆ ಕುಳಿತರು. ಕೂರುವಾಗ ಎರಡೂ ಮೊಣಕಾಲು ಲಟಕ್ಕೆಂದವು. ಅಷ್ಟು ವರ್ಷ ದೊಡ್ಡ ಸ್ಟಿಯರಿಂಗ್ ತಿರುಗಿಸಿದ ಮುಂಗೈ ಇನ್ನೂ ಗಟ್ಟಿಯಿತ್ತು. ಅವರು ಬಲ ಹಾಕಲಿಲ್ಲ, ಒತ್ತಡ ಇಟ್ಟರು. ಇಟ್ಟೇ ಇದ್ದರು. ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಒಂದು ಬಿಲ್ಲೆ ಹಿಂದೆ ಸರಿಯಿತು, ಆಮೇಲೆ ಇನ್ನೊಂದು. ಸಂದು ಕಾಣಿಸಿತು. ಮಗಳು ಚಕ್ರ ಎತ್ತಿದಳು. ತಾಯಿ ಒಂದು ಪಕ್ಕ ಹಿಡಿದರು, ಟೀಚರು ಬುಷ್ ಹಿಡಿದರು. ತಟ್ಟೆ ಸರ್ರನೆ ದವಡೆಯೊಳಗೆ ಹೋಯಿತು, ಯಾವ ತಕರಾರೂ ಇಲ್ಲದೆ. ಸರಳು ಈಚೆಯಿಂದ ಹೋಗಿ ಆಚೆ ಮುಖ ತೋರಿಸಿತು.

“ಇಷ್ಟೇನಾ!” ಎಂದರು ಟೀಚರು.

“ಇಷ್ಟೇ ಅಲ್ಲ” ಎಂದಿತು ಫೋನು. “ನಟ್ಟು ಬಿಗಿ ಮಾಡಿ. ಕೈಯಲ್ಲಿ ಚಕ್ರ ತಿರುಗಿಸಿ ನೋಡಿ. ಆಮೇಲೆ ಬ್ರೇಕಿನ ಹಿಡಿ ಮತ್ತೆ ಮತ್ತೆ ಒತ್ತಿ, ಗಟ್ಟಿಯಾಗೋವರೆಗೂ. ಇಲ್ದಿದ್ರೆ ಮೊದಲನೇ ಸಲ ಹಿಡಿದಾಗ ಬ್ರೇಕ್ ಇರಲ್ಲ. ಅದನ್ನ ಯಜಮಾನ್ರ ಹತ್ರಾನೇ ಒತ್ತಿಸಿ. ಅವ್ರಿಗೆ ಅಭ್ಯಾಸ ಇದೆ.”

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಗಳು ಮುಚ್ಚಿಕೊಳ್ಳಲೂ ಇಲ್ಲ, ಚಾಪೆಯ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಡ್ರೈವರು ನಗಲಿಲ್ಲ. ಹಿಡಿಯನ್ನು ಎಷ್ಟು ಸಲ ಒತ್ತಿದರೆ ತಪ್ಪು, ಎಷ್ಟು ಸಲ ಒತ್ತಿದರೆ ಸರಿ ಎನ್ನುವ ಲೆಕ್ಕ ಅವರಿಗೆ ಇನ್ನೂ ಹತ್ತಿರಲಿಲ್ಲ. ಹುಷಾರಾಗಿ, ಪ್ರತಿ ಸಲವೂ ಮಗಳ ಮುಖ ನೋಡುತ್ತಾ ಒತ್ತಿದರು.

“ಇನ್ನೊಂದು?”

“ಇನ್ನೊಂದು.”

“ಈಗ?”

“ಈಗ ಸಾಕು.”

ಅವಳು ಗಾಡಿ ಇಳಿಸಿ, ಅಂಗಳದಲ್ಲಿ ಒಂದು ಸುತ್ತು ಹೋಗಿ, ಗೇಟಿನ ಹತ್ತಿರದ ಇಳಿಜಾರಿನಲ್ಲಿ ಬೇಕೆಂದೇ ಬ್ರೇಕು ಹಿಡಿದಳು. ಹೊಸ ಟೈರು ಮಣ್ಣು ಕಚ್ಚಿ ನಿಂತಿತು. ಎರಡು ಗಂಟೆ ಮೂವತ್ತೆಂಟು ನಿಮಿಷ. ಊಟಕ್ಕೆ ಸಮಯವಿರಲಿಲ್ಲ. ತಾಯಿ ಒದ್ದೆ ಬಟ್ಟೆಯಿಂದ ಅವಳ ಹಣೆಯ ಗ್ರೀಸು ತಿಕ್ಕಿ ತೆಗೆದರು. ಪೂರ್ತಿ ಹೋಗಲಿಲ್ಲ. “ಇರ್ಲಿ ಬಿಡಮ್ಮ, ಕೆಲಸ ಗೊತ್ತಿರೋಳ ಹಾಗೆ ಕಾಣ್ತೀನಿ” ಎಂದು ಹೆಲ್ಮೆಟ್ ಹಾಕಿಕೊಂಡು ಹೊರಟೇಹೋದಳು.

ಡ್ರೈವರು ಗೇಟಿನ ಹತ್ತಿರ ನಿಂತು ಗಾಡಿಯ ಸದ್ದು ತಿರುವಿನಲ್ಲಿ ಕರಗುವವರೆಗೆ ಕೇಳಿದರು. ವಾಪಸು ಬಂದು ಸ್ಪ್ಯಾನರುಗಳನ್ನು ಒರೆಸಿದರು, ಇಟ್ಟಿಗೆ ಎತ್ತಿಟ್ಟರು, ಚಾಪೆ ಕೊಡವಿದರು. ಚಾಪೆಯಿಂದ ಏನಾದರೂ ಟಣ್ ಎಂದು ಬೀಳುವುದೋ ಎಂದು ಜೀವ ಬಿಗಿಹಿಡಿದಿದ್ದರು. ಏನೂ ಬೀಳಲಿಲ್ಲ.

“ಕಿಟಕಿಯಿಂದ ನಾನೂ ನೋಡಿದೆ” ಎಂದರು ಹೆಂಡತಿ, ಬಾಗಿಲಲ್ಲಿ ನಿಂತು. “ನೀವು ಆ ಪಟ್ಟಿ ಕಟ್ಟೋದನ್ನ.”

“ನೋಡಿದ್ಯಾ? ಮತ್ತೆ ಆಗ್ಲೇ ಹೇಳ್ಬಾರ್ದಾಗಿತ್ತಾ?”

“ಏನಂತ ಹೇಳ್ಲಿ? ಎಷ್ಟು ಮುಂದಾಲೋಚನೆ ನಮ್ಮನೆಯವರಿಗೆ ಅಂದ್ಕೊಂಡೆ.”

ಇಬ್ಬರೂ ಊಟದ ಮಾತೆತ್ತಲಿಲ್ಲ. ಡ್ರೈವರು ಗಡಿಯಾರದ ಎದುರಿನ ಕುರ್ಚಿಯಲ್ಲಿ ಕುಳಿತರು. ಮೂರು ಗಂಟೆಯಾಯಿತು, ಮೂರು ಹತ್ತಾಯಿತು. ದಾರಿಯಲ್ಲಿ ಬ್ರೇಕು ಮತ್ತೆ ಮುಚ್ಚಿಕೊಂಡರೆ? ತೆರೆದೇ ಉಳಿದರೆ? ಯಾವುದು ಕೆಟ್ಟದ್ದು ಎನ್ನುವುದೂ ಅವರಿಗೆ ನಿರ್ಧಾರವಾಗಲಿಲ್ಲ. ಮೂರು ಇಪ್ಪತ್ತೆರಡಕ್ಕೆ ಫೋನು ಬಂತು.

“ತಗೊಂಡ್ರು ಅಪ್ಪ! ಈಗಲೇ ಹನ್ನೊಂದು ಪಾರ್ಸೆಲ್ ಕೊಟ್ಟಿದಾರೆ, ಹೊರಟಿದೀ‌ನಿ. ಟೈರ್ ಯಾರು ಹಾಕಿದ್ದು ಅಂತ ಕೇಳಿದ್ರು. ಟೈರ್ ಅಂಗಡೀಲಿ, ಚಕ್ರ ನಾವೇ ಮನೇಲಿ ಹಾಕಿದ್ವಿ ಅಂದೆ. ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಹಿಡಿದು ನೋಡಿದ್ರು. ಆಮೇಲೆ ಏನೂ ಕೇಳ್ಲಿಲ್ಲ.”

“ಬ್ರೇಕು ಹಿಡೀತಿದೆಯಾ?”

“ಹಿಡೀತಿದೆ. ಅಪ್ಪ... ನೀನು ಆಗ ಬಾಯಿ ಬಿಡದೆ ಇದ್ದಿದ್ರೆ ನಾನು ಬರಲ್ಲ ಅಂತ ಫೋನ್ ಮಾಡಿಬಿಡ್ತಿದ್ದೆ. ಗೊತ್ತಾ?”

ಅಷ್ಟರಲ್ಲಿ ಫೋನು ಕಟ್ಟಾಯಿತು. ಅದನ್ನು ಕೈಯಲ್ಲಿ ಹಿಡಿದೇ ಡ್ರೈವರು ಅಡುಗೆಮನೆಗೆ ಹೋದರು.

“ಕೆಲಸ ಸಿಕ್ತಂತೆ. ಆಮೇಲೆ ನಾನು ಬಾಯಿ ಬಿಡದೆ ಇದ್ದಿದ್ರೆ ಹೋಗ್ತಾನೇ ಇರ್ಲಿಲ್ಲ ಅಂದ್ಳು. ಬೈದ್ಳೋ ಹೊಗಳಿದ್ಳೋ ತಿಳೀಲಿಲ್ಲ ಕಣೇ.”

ಹೆಂಡತಿ ಎರಡು ತಟ್ಟೆ ಕೆಳಗಿಳಿಸಿದರು. ಅವರ ಕಣ್ಣು ತೇವವಾಗಿತ್ತು, ದನಿ ಮಾತ್ರ ಎಂದಿನದೇ.

“ಎರಡೂ ಅಲ್ಲ ರೀ. ಅವಳು ಕೆಲಸಕ್ಕೆ ಹೋದ್ಳು, ಅಷ್ಟೇ. ಗ್ರೀಸ್ ಕೈ ತೊಳ್ಕೊಂಡು ಬನ್ನಿ. ಮೂರೂವರೆ ಆಯ್ತು, ಊಟ ಮಾಡೋಣ.”